ಶ್ರೀಲಂಕಾ ಮೆಣಸು, ಸಾರ್ಕ್ ಮತ್ತು ನಮ್ಮ ಮನವಿ ಪತ್ರ: ನೆರೆ ದೇಶಗಳ ಜೊತೆ ಒಪ್ಪಂದ ಬೇಕಾ, ಬೇಡ್ವಾ?

ಸಿಲ್ವರ್ ಮರದಡಿ (ಸಕಲೇಶಪುರ ಕಡೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮದು ಸಕಲೇಶಪುರದಿಂದ ಒಳಗೆ ಆರು ಎಕರೆ ಕಾಫಿ ತೋಟ. ಸಿಲ್ವರ್ ಮರಗಳಿಗೆಲ್ಲ ಪಣಿಯೂರು ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಾಫಿ ಮನೆ ಖರ್ಚಿಗೆ, ಮೆಣಸು ಸಾಲಕ್ಕೆ ಎಂದು ಅಪ್ಪ ಹೇಳುತ್ತಿದ್ದರು. 2016ರ ಸುಮಾರಿಗೆ ಮೆಣಸನ್ನು ಕಿಲೋಗೆ 700 ರೂಪಾಯಿ ಹತ್ತಿರ ಮಾರಿದ್ದೆವು. ಆ ಧೈರ್ಯದಲ್ಲೇ ಹಂಚಿನ ಮನೆ ತೆಗೆದು ತಾರಸಿ ಹಾಕಿಸಿದೆ. 2019ರ ಹೊತ್ತಿಗೆ ಅದೇ ಮೆಣಸು 350ರ ಆಸುಪಾಸಿಗೆ ಬಂತು. ಸಾಲ ಮಾಡಿ ಹಾಕಿಸಿದ ತಾರಸಿಯ ಮೇಲೆ ಮೆಣಸು ಹರವಿಕೊಂಡು, ಅದೇ ತಾರಸಿಯ ಕಂತಿಗೆ ಎಷ್ಟು ಮೂಟೆ ಬೇಕು ಎಂದು ಲೆಕ್ಕ ಹಾಕುತ್ತಾ ಕೂತ ವರ್ಷ ಅದು.

ಆಗ ಊರಲ್ಲೆಲ್ಲ ಒಂದೇ ಮಾತು. ವಿಯೆಟ್ನಾಂ ಮೆಣಸು ಕೊಲಂಬೋಗೆ ಬಂದು, ಅಲ್ಲಿ ಚೀಲ ಬದಲಾಯಿಸಿಕೊಂಡು, ಶ್ರೀಲಂಕಾದ್ದು ಅಂತ ನಮ್ಮ ದೇಶಕ್ಕೆ ಇಳಿಯುತ್ತಿದೆ ಎಂದು. ಈಗ ಬೆಲೆ ಮೇಲೆದ್ದಿದೆ, ಆದರೂ ಹೊಟ್ಟೆಯೊಳಗಿನ ಪುಕುಪುಕು ಹೋಗಿಲ್ಲ. ಮೊನ್ನೆ ನಮ್ಮ ಬೆಳೆಗಾರರ ಸಭೆಯಲ್ಲಿ ಸರ್ಕಾರಕ್ಕೆ ಒಂದು ಮನವಿ ಕೊಡೋಣ ಎಂದಾಯಿತು. ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಒಂದು ಕಾಲದಲ್ಲಿ ಹಾಸನದಲ್ಲಿ ಬಿ.ಎ. ಓದಿದ ತಪ್ಪಿಗೆ.

ನಾನು ಬರೆದ ಮೊದಲ ಸಾಲು ಹೀಗಿದೆ: 'ರೈತರಿಗೆ ಮಾರಕವಾದ ಶ್ರೀಲಂಕಾ ಒಪ್ಪಂದವನ್ನು ರದ್ದು ಮಾಡಿ, ಕೆಲಸಕ್ಕೆ ಬಾರದ ಸಾರ್ಕ್‌ನಿಂದ ಭಾರತ ಹೊರಬರಬೇಕು.'

ನನಗೆ ಬಹಳ ಚೆನ್ನಾಗಿದೆ ಅನಿಸಿತ್ತು. ಮಗಳು ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಹಿಂದಿನಿಂದ ಇಣುಕಿ ನೋಡಿ, 'ಅಪ್ಪಾ, ಸಾರ್ಕ್ ಬೇರೆ, ಶ್ರೀಲಂಕಾ ಒಪ್ಪಂದ ಬೇರೆ ಅಲ್ವಾ? ಮೆಣಸು ಯಾವುದರಲ್ಲಿ ಬರುತ್ತೆ?' ಎಂದಳು. ನನಗೆ ಗೊತ್ತಿರಲಿಲ್ಲ. 'ನೀನು ಓದ್ಕೋ ಹೋಗು' ಎಂದು ಕಳಿಸಿದೆ. ಆದರೆ ಪೆನ್ನು ಮುಂದೆ ಓಡಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಸಾರ್ಕ್ ಎಂಬ ಈ ದಕ್ಷಿಣ ಏಷ್ಯಾದ ನೆರೆ ದೇಶಗಳ ಕೂಟದಿಂದ ಯಾರಿಗಾದರೂ ನಿಜವಾಗಿ ಏನಾದರೂ ಸಿಕ್ಕಿದೆಯಾ? ಅದರ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರಲ್ಲಂತೆ. ಹತ್ತು ವರ್ಷ ಮೇಲಾದರೂ ಸಭೆಯೇ ಸೇರದ ಸಂಘ ನಮ್ಮ ಊರಲ್ಲಿದ್ದರೆ ಬೋರ್ಡು ಕಿತ್ತು ಸೌದೆಗೆ ಹಾಕುತ್ತಿದ್ದೆವು. ಪುಸ್ತಕದ ಮಾತು ಬೇಡ, ಅದು ಮಗಳ ಹತ್ತಿರ ಇದೆ. ಕಂಡವರು, ಕೆಲಸ ಮಾಡಿದವರು ಹೇಳಿ.

ಟ್ರಂಕ್ ಕಾಲ್ ತಾತ (ಬೆಂಗಳೂರು):

ತಮ್ಮಾ, ನಿನ್ನ ಮಗಳು ಜಾಣೆ. ಬೇರೆ ಬೇರೆಯೇ. ಆ ಕಥೆ ತಿಳಿದವರು ಹೇಳಲಿ. ನಾನು ಕಂಡದ್ದು ಬೇರೆ.

ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರ್ 8ರಂದು ಢಾಕಾದಲ್ಲಿ. ಎರಡನೇ ಶೃಂಗಸಭೆ ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಲ್ಲೇ. 1986ರ ನವೆಂಬರ್ 16, 17. ನಾನಾಗ ಟೆಲಿಫೋನ್ಸ್‌ನಲ್ಲಿದ್ದೆ. ವಿಧಾನಸೌಧದ ಸುತ್ತಮುತ್ತ ಪತ್ರಕರ್ತರಿಗೆ ಹೆಚ್ಚುವರಿ ಲೈನು ಎಳೆಯುವ ತಂಡದಲ್ಲಿ ನಾನೂ ಒಬ್ಬ. ಎರಡು ವಾರ ಮನೆಗೆ ಸರಿಯಾಗಿ ಹೋಗಲಿಲ್ಲ. ಊರಿಗೆಲ್ಲ ಸುಣ್ಣಬಣ್ಣ. ರಸ್ತೆಯ ಗುಂಡಿ ಮುಚ್ಚಿದ ವೇಗ ನೋಡಿ, ವರ್ಷಕ್ಕೊಂದು ಶೃಂಗಸಭೆ ಇಲ್ಲೇ ಆಗಲಿ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆಗ ಸಾರ್ಕ್‌ನಲ್ಲಿದ್ದ ಏಳು ದೇಶದವರೂ ಬಂದಿದ್ದರು. ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಪಾಕಿಸ್ತಾನದ ಪ್ರಧಾನಿ ಜುನೇಜೋ. ರಾಜೀವ್ ಗಾಂಧಿ ಆತಿಥೇಯರು, ರಾಮಕೃಷ್ಣ ಹೆಗಡೆ ನಮ್ಮ ಮುಖ್ಯಮಂತ್ರಿ. ಎಲ್ಲರನ್ನೂ ನಂದಿ ಬೆಟ್ಟಕ್ಕೂ ಕರೆದುಕೊಂಡು ಹೋದರು. ಕಠ್ಮಂಡುವಿನಲ್ಲಿ ಸಾರ್ಕ್ ಕಚೇರಿ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲೇ.

ಆದರೆ ಪತ್ರಿಕೆಯವರು ಆ ದಿನಗಳಲ್ಲಿ ಹುಡುಕುತ್ತಿದ್ದದ್ದು ಕಚೇರಿಯ ಸುದ್ದಿಯನ್ನಲ್ಲ. ಶ್ರೀಲಂಕಾ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ತಮಿಳು ಸಂಘಟನೆ ಎಲ್‌ಟಿಟಿಇಯ ಪ್ರಭಾಕರನ್‌ನನ್ನು ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದಿದ್ದರು, ತಮಿಳುನಾಡಿನ ಮುಖ್ಯಮಂತ್ರಿ ಎಂಜಿಆರ್ ಕೂಡ ಬಂದಿದ್ದರು. ಅತ್ತ ಜಯವರ್ಧನೆ ಇದ್ದಾರೆ, ಇತ್ತ ಇವರಿದ್ದಾರೆ, ನಡುವೆ ಭಾರತದ ಅಧಿಕಾರಿಗಳ ಓಡಾಟ. ಸಾರ್ಕ್‌ನ ಸನ್ನದಿನಲ್ಲಿ ಎರಡು ದೇಶಗಳ ನಡುವಿನ ಜಗಳವನ್ನು ಮೇಜಿನ ಮೇಲೆ ತರುವಂತಿಲ್ಲ ಎಂದೇ ಬರೆದಿದೆ. ಎಲ್ಲ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಹಾಗಾಗಿ ಮುಖ್ಯ ಮಾತೆಲ್ಲ ಸಭೆಯ ಹೊರಗೇ. ಮದುವೆ ಮನೆಯಲ್ಲಿ ತಾಳಿ ಕಟ್ಟುವುದು ಮಂಟಪದಲ್ಲಾದರೂ ಆಸ್ತಿ ಮಾತುಕತೆ ಹಿತ್ತಲಲ್ಲಿ ನಡೆಯುತ್ತದಲ್ಲ, ಹಾಗೆ. ಆ ಸಲದ ಮಾತು ಫಲ ಕೊಡಲಿಲ್ಲ, ಬಿಡು. ಆದರೆ ಹಿತ್ತಲಲ್ಲಿ ಮಾತಾಡಬೇಕಾದರೂ ಮೊದಲು ಮದುವೆ ಎಂದು ಒಂದು ಆಗಬೇಕಲ್ಲಪ್ಪಾ. ಸಭೆಯೇ ಇಲ್ಲದಿದ್ದರೆ ಮುಖ ನೋಡುವುದೆಲ್ಲಿ?

ಬೋರ್ಡು ಸೌದೆಗೆ ಹಾಕಬೇಡ.

ಕಡಲತಡಿಯವಳು (ಮಂಗಳೂರು, ಈಗ ಕೊಚ್ಚಿ):

ನಾನು ಹತ್ತೊಂಬತ್ತು ವರ್ಷದಿಂದ ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿನಲ್ಲಿದ್ದೇನೆ. ಮೆಣಸಿನ ಕಾಗದ ನನ್ನ ಕೈಮೇಲೆ ಎಷ್ಟೋ ಹೋಗಿದೆ. ಸಿಲ್ವರ್ ಮರದಡಿಯವರೇ, ನಿಮ್ಮ ಮೊದಲ ಸಾಲು ಹೀಗೇ ದೆಹಲಿಗೆ ಹೋದರೆ ಓದುವವರು ಎರಡನೇ ಸಾಲಿಗೆ ಬರುವುದಿಲ್ಲ ಮಾರಾಯ್ರೇ. ಅಲ್ಲಿರುವ ತಪ್ಪು ಅವರಿಗೆ ತಟ್ಟನೆ ಕಾಣುತ್ತದೆ.

ಇರುವುದು ಎರಡು ಬಾಗಿಲು. ಒಂದು, ಭಾರತ ಮತ್ತು ಶ್ರೀಲಂಕಾ ಇಬ್ಬರೇ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ. 1998ರ ಡಿಸೆಂಬರ್‌ನಲ್ಲಿ ಸಹಿ, 2000ದ ಮಾರ್ಚ್‌ನಿಂದ ಜಾರಿ. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಇನ್ನೊಂದು ಸಾಫ್ಟಾ, ಅಂದರೆ ಸಾರ್ಕ್ ದೇಶಗಳ ವ್ಯಾಪಾರ ಒಪ್ಪಂದ. 2004ರಲ್ಲಿ ಸಹಿಯಾಗಿ 2006ರಿಂದ ಜಾರಿಗೆ ಬಂದದ್ದು. ಅದರಡಿ ಬರುವ ಶ್ರೀಲಂಕಾ ಮೆಣಸಿಗೆ ನೂರಕ್ಕೆ 8 ಸುಂಕ. ಯಾವ ಒಪ್ಪಂದವೂ ಇಲ್ಲದೆ ಬಂದರೆ ನೂರಕ್ಕೆ 70. ಈಗ ವ್ಯಾಪಾರಿಯ ತಲೆಯಿಂದ ಯೋಚಿಸಿ. 70 ಕಟ್ಟುತ್ತೀರಾ, 8 ಕಟ್ಟುತ್ತೀರಾ? ವಿಯೆಟ್ನಾಂ ಲೋಕದಲ್ಲೇ ಹೆಚ್ಚು ಮೆಣಸು ಬೆಳೆಯುವ ದೇಶ. ಅಲ್ಲಿಯ ಚೀಲಕ್ಕೆ ಕೊಲಂಬೋದ ಒಂದು ಕಾಗದ ಸಿಕ್ಕರೆ ಆ ವ್ಯತ್ಯಾಸವೆಲ್ಲ ಲಾಭ. ಕಳ್ಳತನದ ಬೇರು ಇರುವುದು ಇಲ್ಲಿ.

ಆ ಕಾಗದದ ಹೆಸರು ಮೂಲ ಪ್ರಮಾಣಪತ್ರ. ಸರಕು ಯಾವ ದೇಶದ್ದು ಎಂದು ಆ ದೇಶದ ಸರ್ಕಾರ ಕೊಡುವ ಚೀಟಿ. ಮೆಣಸಿನಂಥ ಬೆಳೆಗೆ ನಿಯಮ ಬಹಳ ಸರಳ. ಅದೇ ನೆಲದಲ್ಲಿ ಬೆಳೆದು, ಅಲ್ಲೇ ಕೊಯ್ದಿರಬೇಕು. ಬೇರೆ ಕಡೆಯಿಂದ ತಂದು ಜರಡಿ ಹಿಡಿದು ಚೀಲ ಬದಲಿಸಿದರೆ ಅದು ಶ್ರೀಲಂಕಾದ್ದಾಗುವುದಿಲ್ಲ. ನಿಯಮದಲ್ಲಿ ಕೊರತೆಯಿಲ್ಲ, ನೋಡುವ ಕಣ್ಣಿನದೇ ಕೊರತೆ.

2017ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ರಫ್ತಿಗೆಂದೇ ತರಿಸುವವರಿಗೆ ಆಮೇಲೆ ಅದರಿಂದ ವಿನಾಯಿತಿ ಸಿಕ್ಕಿತು. 2020ರ ಸೆಪ್ಟೆಂಬರ್ 21ರಿಂದ ಇನ್ನೊಂದು ನಿಯಮ ಬಂತು. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು, ಸರಕು ಅಲ್ಲಿಯದೇ ಎನ್ನುವುದಕ್ಕೆ ಬೇಕಾದ ವಿವರವನ್ನು ಆಮದು ಮಾಡುವವನೇ ಇಟ್ಟುಕೊಂಡಿರಬೇಕು. ಐದು ವರ್ಷ. ಅನುಮಾನ ಬಂದರೆ ನಮ್ಮ ಕಸ್ಟಮ್ಸ್‌ನವರು, ಪ್ರಮಾಣಪತ್ರ ಕೊಟ್ಟ ದೇಶಕ್ಕೇ ಬರೆದು ಕೇಳಬಹುದು. ಆ ನಿಯಮ ಬಂದ ವಾರ ನಮ್ಮ ಆಫೀಸಿಗೆ ಬಂದ ಫೋನುಗಳು! ಅಲ್ಲಿಯವರೆಗೆ 'ಎಲ್ಲ ಸರಿಯಿದೆ ಮೇಡಂ' ಎನ್ನುತ್ತಿದ್ದ ಒಬ್ಬರು, ತೋಟದ ವಿವರ ಕೇಳಿದ್ದಕ್ಕೆ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಈಗ ಒಂದು ಮಾತು, ಇದು ನಿಮಗೆ ಹೊಸದಿರಬಹುದು. 2019ರ ಕೊನೆಯಲ್ಲಿ ಶ್ರೀಲಂಕಾವೇ ಹೊರಗಿನ ಮೆಣಸು, ಅಡಿಕೆ ತಂದು ಮರುರಫ್ತು ಮಾಡುವುದಕ್ಕೆ ತಡೆ ಹಾಕಿತು. ಗೋಟಬಯ ರಾಜಪಕ್ಸ ಆಗಷ್ಟೇ ಅಧ್ಯಕ್ಷರಾಗಿದ್ದರು. ಯಾಕೆ ಹಾಕಿದರು? ನಮ್ಮ ಮೇಲಿನ ಪ್ರೀತಿಯಿಂದಲ್ಲ. ಮಾತಳೆ, ಕ್ಯಾಂಡಿ ಕಡೆ ನಿಮ್ಮ ಹಾಗೇ ಬಳ್ಳಿ ಹಬ್ಬಿಸಿದವರಿದ್ದಾರೆ. ಅವರ ಮೆಣಸಿನಲ್ಲಿ ಖಾರ ಮತ್ತು ಎಣ್ಣೆ ಅಂಶ ಜಾಸ್ತಿ. ಇಲ್ಲಿ ಕೊಚ್ಚಿ ಸುತ್ತ ಮೆಣಸಿನ ಸತ್ವ ತೆಗೆಯುವ ಕಾರ್ಖಾನೆಯವರು ಅದನ್ನು ಹುಡುಕಿ ತರಿಸುತ್ತಾರೆ. ಅದರ ಹೆಸರಿನಲ್ಲಿ ಬೇರೆ ಮಾಲು ಹೊರಟರೆ ಹೆಸರು ಕೆಡುವುದು ಅವರದು, ಬೆಲೆ ಬೀಳುವುದೂ ಅವರದು. ನಿಮಗೂ ಅವರಿಗೂ ಕಳ್ಳ ಒಬ್ಬನೇ.

ಒಪ್ಪಂದ ಹರಿದು ಹಾಕಿದರೆ ನಾಳೆ ಯಾರಿಗೆ ಬರೆದು ಕೇಳುತ್ತೀರಿ, ಈ ಚೀಟಿ ಅಸಲಿಯಾ ಎಂದು?

ಖಾರಾಬಾತ್:

ತಾತ ಮದುವೆ ಮನೆ ಅಂತಾರೆ, ಅಕ್ಕ ಚೀಟಿ ಅಂತಾರೆ. ನಾನು ನೇರ ಹೇಳುತ್ತೇನೆ. ಸಾರ್ಕ್ ಸತ್ತಿದೆ. ಹತ್ತೊಂಬತ್ತನೇ ಶೃಂಗಸಭೆ 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿತ್ತು. ಸೆಪ್ಟೆಂಬರ್ 18ಕ್ಕೆ ಕಾಶ್ಮೀರದ ಉರಿಯಲ್ಲಿ ನಮ್ಮ ಸೈನಿಕರನ್ನು ಕೊಂದರು. ನಾವು ಬರಲ್ಲ ಎಂದೆವು, ಬಾಂಗ್ಲಾ, ಭೂತಾನ, ಅಫ್ಘಾನಿಸ್ತಾನ ಕೂಡ ಬರಲ್ಲ ಎಂದವು. ಮುಗೀತು. 2025ರಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಸಾರ್ಕ್ ವೀಸಾ ರಿಯಾಯಿತಿಯನ್ನೂ ಪಾಕಿಸ್ತಾನದವರಿಗೆ ನಿಲ್ಲಿಸಿ ಗಡಿಯ ಅಟ್ಟಾರಿ ಗೇಟು ಮುಚ್ಚಿದರು. ಮಾಡಿದ್ದೇ ಸರಿ. ಮನೆಗೆ ಕಲ್ಲು ಹೊಡೆಯುವವನ ಜೊತೆ ಬೀದಿ ಸಂಘ ಕಟ್ಟೋಕಾಗುತ್ತಾ?

ವ್ಯಾಪಾರವಾದರೂ ಇದೆಯಾ ಅಂದರೆ ಅದೂ ಇಲ್ಲ. ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ನೂರಕ್ಕೆ ಸುಮಾರು 5. ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನಲ್ಲಿ ಅದು 20ಕ್ಕೂ ಮೇಲೆ. ನಲವತ್ತು ವರ್ಷದ ಸಾಧನೆ ಇದು.

ತಂತಿ ಎಳೆದವನು (ದಾವಣಗೆರೆ):

ಖಾರಾಬಾತ್ ಅವರ ಲೆಕ್ಕ ಸರಿಯಿದೆ. ಎಂಟು ಜನರ ಮೇಜಿನ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನೆರೆಹೊರೆ ಎಂದರೆ ಆ ಮೇಜು ಒಂದೇ ಅಲ್ಲ.

ನಾನು ಹೈಟೆನ್ಷನ್ ಲೈನಿನ ಕೆಲಸದವನು. ಟವರ್ ನಿಲ್ಲಿಸುವುದು, ತಂತಿ ಎಳೆಯುವುದು. ನೇಪಾಳದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಇದ್ದೆ. ಮೊದಲ ಚಳಿಗಾಲದಲ್ಲಿ ನಮ್ಮ ಬಾಡಿಗೆ ಕೋಣೆಯ ಗೋಡೆಗೆ ಮನೆಯೊಡತಿ ಒಂದು ಪಟ್ಟಿ ಅಂಟಿಸಿದ್ದರು. ಕರೆಂಟ್ ಯಾವ ದಿನ ಎಷ್ಟು ಹೊತ್ತು ಇರುತ್ತದೆ ಎಂದು. ಹೋಗುವ ಹೊತ್ತಿನ ಪಟ್ಟಿಯಲ್ಲ, ಇರುವ ಹೊತ್ತಿನ ಪಟ್ಟಿ! ದಿನಕ್ಕೆ ಹತ್ತು ಹನ್ನೆರಡು ಗಂಟೆ ಕತ್ತಲೆ. ಅದಕ್ಕೂ ಹಿಂದೆ 16 ಗಂಟೆ ಹೋಗುತ್ತಿದ್ದ ಕಾಲವೂ ಇತ್ತು ಎಂದು ಆಕೆ ಏನೋ ಹಬ್ಬದ ನೆನಪಿನಂತೆ ಹೇಳುತ್ತಿದ್ದರು. ಹಿಮಾಲಯದಿಂದ ಅಷ್ಟು ನೀರು ಧುಮುಕುವ ದೇಶ. ಮನೆಯಲ್ಲಿ ಮೇಣದಬತ್ತಿ.

2015ರ ಏಪ್ರಿಲ್ 25ಕ್ಕೆ ಭೂಕಂಪ ಆಯಿತು. ಅದನ್ನು ಬರೆಯಲು ಕೂತರೆ ಈ ಪ್ರಶ್ನೆಗೆ ಉತ್ತರ ಆಗುವುದಿಲ್ಲ, ಬಿಡುತ್ತೇನೆ. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನದ ಗಲಾಟೆ ಶುರುವಾಗಿ, ಭಾರತದ ಗಡಿಯಲ್ಲಿ ಲಾರಿಗಳು ನಿಂತವು. ಇದು ಭಾರತದ ನಾಕಾಬಂದಿ ಎಂದು ನೇಪಾಳ ಹೇಳಿತು, ಅಲ್ಲ, ನೇಪಾಳದ ದಕ್ಷಿಣ ಬಯಲಿನ ಮಧೇಸಿಗಳ ಪ್ರತಿಭಟನೆ ಎಂದು ಭಾರತ ಹೇಳಿತು. ನಮಗೆ ಗೊತ್ತಾದದ್ದು ಇಷ್ಟೇ. ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ. ಸಿಲಿಂಡರ್ ಕೊಟ್ಟರೂ ಅರ್ಧ ತುಂಬಿಸಿ ಕೊಡುತ್ತಿದ್ದರು. ಮನೆಯೊಡತಿ ಮಹಡಿಯ ಮೇಲೆ ಮೂರು ಇಟ್ಟಿಗೆ ಇಟ್ಟು ಸೌದೆ ಒಲೆ ಹೂಡಿದರು. ಅಲ್ಲಿಯವರೆಗೆ 'ದಾಯಿ', ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಅಂಗಡಿಯ ಹುಡುಗ ನನ್ನ ಜೊತೆ ಮಾತು ಬಿಟ್ಟ. ನಾನು ಭಾರತದವನು ಎಂಬ ಒಂದೇ ಕಾರಣಕ್ಕೆ. ನನಗೆ ಬೇಜಾರಾಯಿತು, ಆದರೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಅಮ್ಮನೂ ಸೌದೆ ಊದುತ್ತಿದ್ದಳು.

2016ರ ಫೆಬ್ರವರಿಯಲ್ಲಿ ಗಡಿ ತೆರೆಯಿತು. ಅದೇ ತಿಂಗಳು ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಧಲ್ಕೇಬಾರ್‌ಗೆ ಎಳೆದ ದೊಡ್ಡ ಲೈನ್ ಚಾಲೂ ಆಯಿತು. 400 ಕೆ.ವಿ.ಗೆಂದು ಕಟ್ಟಿದ್ದನ್ನು ಮೊದಲಿಗೆ 132ರಲ್ಲಿ ಓಡಿಸಿದರು. ಆರಂಭಕ್ಕೆ ಬರೀ 80 ಮೆಗಾವ್ಯಾಟ್. ಆ ವರ್ಷದ ದೀಪಾವಳಿಗೆ ಕಠ್ಮಂಡುವಿನಲ್ಲಿ ಕರೆಂಟ್ ಹೋಗಲಿಲ್ಲ. ಅದರಲ್ಲಿ ಅಲ್ಲಿಯ ವಿದ್ಯುತ್ ಪ್ರಾಧಿಕಾರದ ಕುಲ್ಮಾನ್ ಘೀಸಿಂಗ್ ಅವರ ಪಾಲು ದೊಡ್ಡದು, ಎಲ್ಲವೂ ನಮ್ಮ ತಂತಿಯಿಂದಲೇ ಎನ್ನಲಾರೆ. ಆದರೆ ಗೋಡೆಯ ಪಟ್ಟಿ ಕಿತ್ತು ಬಂದಿತು. ಮನೆಯೊಡತಿ ಅದರ ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದರು.

ಮುಂದಿನ ಕಥೆ ನನಗೆ ಇನ್ನೂ ಇಷ್ಟ. ಕೊಳ್ಳುತ್ತಿದ್ದ ನೇಪಾಳ ಈಗ ಮಾರುತ್ತದೆ. ಮಳೆಗಾಲದಲ್ಲಿ ಅವರ ನದಿಗಳು ತುಂಬಿ ಕರೆಂಟ್ ಹೆಚ್ಚಾಗುತ್ತದೆ, ಅದು ಭಾರತದ ವಿದ್ಯುತ್ ಸಂತೆಗೆ ಬರುತ್ತದೆ. ಚಳಿಗಾಲದಲ್ಲಿ ನದಿ ಸೊರಗಿದಾಗ ನಮ್ಮಿಂದ ಕೊಳ್ಳುತ್ತಾರೆ. ಬಾಂಗ್ಲಾದೇಶಕ್ಕೂ 40 ಮೆಗಾವ್ಯಾಟ್ ಮಾರಲು ಒಪ್ಪಂದವಾಗಿದೆ. ವರ್ಷಕ್ಕೆ ಐದು ತಿಂಗಳು, ಜೂನ್ 15ರಿಂದ ನವೆಂಬರ್ 15ರವರೆಗೆ. ನೇಪಾಳಕ್ಕೂ ಬಾಂಗ್ಲಾಕ್ಕೂ ಗಡಿಯೇ ಇಲ್ಲ. ಹಾಗಾಗಿ ಕರೆಂಟ್ ಧಲ್ಕೇಬಾರ್‌ನಿಂದ ಮುಜಫ್ಫರ್‌ಪುರಕ್ಕೆ ಇಳಿದು, ನಮ್ಮ ಗ್ರಿಡ್ ಹಾಯ್ದು, ಬಂಗಾಳದ ಬಹರಾಂಪುರದಿಂದ ಆಚೆಯ ಭೇರಾಮಾರಾಕ್ಕೆ ಹೋಗುತ್ತದೆ.

40 ಮೆಗಾವ್ಯಾಟ್ ಏನು ಮಹಾ ಎನ್ನಬೇಡಿ, ಖಾರಾಬಾತ್. ಆ ಸಹಿ ಬಿದ್ದ ದಿನಾಂಕ ನೋಡಿ, 2024ರ ಅಕ್ಟೋಬರ್ 3. ಎರಡು ತಿಂಗಳ ಹಿಂದಷ್ಟೇ ಢಾಕಾದಲ್ಲಿ ಹಸೀನಾ ಸರ್ಕಾರ ಬಿದ್ದಿತ್ತು, ದೆಹಲಿಗೂ ಢಾಕಾಕ್ಕೂ ಮುಖ ಗಂಟಿಕ್ಕಿತ್ತು. ಆದರೂ ಮೂರೂ ಕಡೆಯವರು ಕಠ್ಮಂಡುವಿನಲ್ಲಿ ಕೂತು ಸಹಿ ಹಾಕಿದರು. ನವೆಂಬರ್ 15ರಂದು ಒಂದು ದಿನ ಹರಿಸಿ ನೋಡಿದರು, 2025ರ ಜೂನ್‌ನಿಂದ ಸರಿಯಾಗಿ ಶುರುವಾಯಿತು. ತಂತಿ ಒಮ್ಮೆ ಎಳೆದ ಮೇಲೆ ಅದನ್ನು ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಪೆಟ್ರೋಲಿನದೂ ಹಾಗೇ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಕೊಳವೆ 2019ರಲ್ಲಿ ಶುರುವಾಯಿತು. ಟ್ಯಾಂಕರ್ ಲಾರಿಗಳ ಸಾಲು ಕಂಡವರಿಗೆ ಅದರ ಬೆಲೆ ಗೊತ್ತು.

ಇನ್ನು ತಮಾಷೆ ಏನು ಗೊತ್ತಾ? ಈ ವಿದ್ಯುತ್ ಹಂಚಿಕೆಗೆ ಎಂಟೂ ದೇಶಗಳು ಒಪ್ಪಿ ಸಹಿ ಹಾಕಿದ ಒಂದು ಚೌಕಟ್ಟು ಇದೆ. ಅದು ಆದದ್ದು ನೀವು ಬೈಯುವ ಅದೇ ಕೊನೆಯ ಸಾರ್ಕ್ ಸಭೆಯಲ್ಲಿ, 2014ರ ನವೆಂಬರ್‌ನಲ್ಲಿ. ವಾಹನ ಮತ್ತು ರೈಲಿನ ಒಪ್ಪಂದಗಳಿಗೆ ಪಾಕಿಸ್ತಾನ ಅಡ್ಡ ನಿಂತಿತು. ಕರೆಂಟಿನದಕ್ಕೆ ಕೊನೆಗಳಿಗೆಯಲ್ಲಿ ಒಪ್ಪಿತು. ಆಮೇಲೆ ವಾಹನದ್ದನ್ನು ಭಾರತ, ಬಾಂಗ್ಲಾ, ನೇಪಾಳ, ಭೂತಾನ ನಾಲ್ಕೇ ಜನ 2015ರಲ್ಲಿ ಥಿಂಪುವಿನಲ್ಲಿ ಮಾಡಿಕೊಂಡರು. ಭೂತಾನದ ಮೇಲ್ಮನೆ ಬೇಡ ಎಂದಿತು. ಸಣ್ಣ ದೇಶ, ನಮ್ಮ ಲಾರಿಗಳೆಲ್ಲ ನುಗ್ಗಿದರೆ ಗತಿಯೇನು ಎಂಬ ಭಯ. ಅದೂ ಸುಳ್ಳು ಭಯವಲ್ಲ.

ಖಾರಾಬಾತ್:

ಅಣ್ಣಾ, ಕರೆಂಟ್ ವಿಷಯ ಒಪ್ಪಿದೆ. ಆದರೆ ನೀವೇ ಹೇಳಿದ ಹಾಗೆ ಕೆಲಸ ಆದದ್ದು ಇಬ್ಬರು, ಮೂವರು ಸೇರಿದಾಗ. ಎಂಟು ಜನ ಸೇರಿದಾಗಲ್ಲ. ಹಾಗಿದ್ದರೆ ಬಂಗಾಳ ಕೊಲ್ಲಿ ಕಡೆಯ ದೇಶಗಳ ಕೂಟ ಬಿಮ್‌ಸ್ಟೆಕ್ ಸಾಕಲ್ವಾ? 1997ರಿಂದ ಇದೆ, ಪಾಕಿಸ್ತಾನ ಇಲ್ಲ, ಥಾಯ್ಲೆಂಡ್, ಮ್ಯಾನ್ಮಾರ್ ಇವೆ.

ತಂತಿ ಎಳೆದವನು:

ಇರಲಿ, ಯಾರು ಬೇಡ ಎಂದರು. ಆದರೆ ಅದಕ್ಕೆ ಸನ್ನದು ಸಿದ್ಧವಾಗಿದ್ದು 2022ರಲ್ಲಿ, ಜಾರಿಗೆ ಬಂದದ್ದು 2024ರಲ್ಲಿ. ಬೋರ್ಡು ಬರೆಸಲು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ತಗೊಂಡ ಸಂಘ ಅದು. ಪಾಕಿಸ್ತಾನ ಇಲ್ಲದಿದ್ದರೂ ನಿಧಾನ ಇದೆ ನೋಡಿ. ಮಾಲ್ಡೀವ್ಸ್ ಅದರಲ್ಲಿ ಇಲ್ಲವೇ ಇಲ್ಲ.

ಟ್ರಂಕ್ ಕಾಲ್ ತಾತ:

ಮಾತಿನ ನಡುವೆ ಒಂದು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, ಬಿ.ಎ. ಓದುವಾಗ ಅದರ ಮುಂದೆ ಓಡಾಡಿರುತ್ತೀಯ ತಮ್ಮಾ. 2017ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿದ ದಕ್ಷಿಣ ಏಷ್ಯಾ ಉಪಗ್ರಹದ ಹಿಡಿತವನ್ನು ಅಲ್ಲಿಂದಲೇ ತೆಗೆದುಕೊಂಡರು. ನೆರೆಯವರು ಟಿವಿಗೆ, ದೂರಶಿಕ್ಷಣಕ್ಕೆ, ಪ್ರವಾಹ ಬಂದಾಗ ಸಂಪರ್ಕಕ್ಕೆ ಬಳಸಲಿ ಎಂದು ಭಾರತವೇ ಖರ್ಚು ಹಾಕಿ ಕಳಿಸಿದ್ದು. ಅದನ್ನು ಸಾರಿದ್ದೂ 2014ರ ಕಠ್ಮಂಡುವಿನ ಅದೇ ಸಭೆಯಲ್ಲಿ. ಮೊದಲು ಸಾರ್ಕ್ ಉಪಗ್ರಹ ಎಂದೇ ಹೆಸರು. ಪಾಕಿಸ್ತಾನ ಬೇಡ ಎಂದಿದ್ದಕ್ಕೆ ಹೆಸರು ಬದಲಾಯಿತು.

ಲೈನು ಎಳೆದವನಿಗೆ ಲೈನಿನ ಮೇಲೆ ಪ್ರೀತಿ, ತಂತಿಯದಾಗಲಿ ಆಕಾಶದ್ದಾಗಲಿ.

ಕಡಲತಡಿಯವಳು:

ಶ್ರೀಲಂಕಾಕ್ಕೆ 2022ರಲ್ಲಿ ಡಾಲರ್ ಮುಗಿದಾಗಿನ ಮಾತೂ ಇರಲಿ. ನಮ್ಮ ರಿಸರ್ವ್ ಬ್ಯಾಂಕ್ ಅವರಿಗೆ 40 ಕೋಟಿ ಡಾಲರ್ ಕೈಬದಲು ಕೊಟ್ಟದ್ದು ಸಾರ್ಕ್ ದೇಶಗಳಿಗೆಂದು 2012ರಿಂದ ಇಟ್ಟಿರುವ ವ್ಯವಸ್ಥೆಯಡಿ. ಸಭೆ ಸೇರದಿದ್ದರೂ ಕೆಲವು ಬಾಗಿಲು ತೆರೆದೇ ಇವೆ. ಆ ತಿಂಗಳು ಕೊಲಂಬೋದ ನಮ್ಮ ಏಜೆಂಟ್ ಒಬ್ಬರು ಫೋನಿನಲ್ಲಿ ಸರಕಿನ ಮಾತು ಬಿಟ್ಟು, ಡೀಸೆಲ್ ಹಡಗು ಹೊರಟಿತಾ ಎಂದು ಕೇಳುತ್ತಿದ್ದರು. ಡೀಸೆಲ್ ಹಡಗಿಗೂ ನಮ್ಮ ಆಫೀಸಿಗೂ ಏನೂ ಸಂಬಂಧವಿಲ್ಲ. ಆದರೂ ನಾನು ಪೇಪರ್ ನೋಡಿ ಹೇಳುತ್ತಿದ್ದೆ.

ಸಿಲ್ವರ್ ಮರದಡಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನದಿಂದ ಓದುತ್ತಾ ಇದ್ದೇನೆ. ನಿನ್ನೆ ಮೋಡ ಕವಿದು ಮೆಣಸಿಗೆ ಟಾರ್ಪಾಲು ಹೊದಿಸಿ ಕೆಳಗಿಳಿದಾಗ ಕತ್ತಲಾಗಿತ್ತು, ಉತ್ತರ ಬರೆಯಲಾಗಲಿಲ್ಲ.

ತಾತ, ಸಾಲಗಾಮೆ ರಸ್ತೆಯಲ್ಲಿ ದಿನಾ ಸೈಕಲ್ ತುಳಿದಿದ್ದೇನೆ. ಆ ದೊಡ್ಡ ತಟ್ಟೆಗಳನ್ನು ನೋಡಿ ಅಲ್ಲಿ ಏನೋ ಮಿಲಿಟರಿ ಕೆಲಸ ನಡೆಯುತ್ತೆ ಎಂದುಕೊಂಡಿದ್ದೆವು.

ಕಡಲತಡಿ ಅಕ್ಕ, ಮಾತಳೆಯ ಬೆಳೆಗಾರರ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ಇಷ್ಟು ವರ್ಷ ಶ್ರೀಲಂಕಾ ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಒಂದು ಗೋಡೌನು, ಅಷ್ಟೇ. ಅಲ್ಲೂ ಏಣಿ ಹಾಕಿಕೊಂಡು ಮೆಣಸು ಕೊಯ್ಯುವವರಿದ್ದಾರೆ ಎಂದು ಯೋಚಿಸಿರಲಿಲ್ಲ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಅವರ ಮೆಣಸು ಅಸಲಿಯಾಗಿಯೇ ಬಂದರೂ ನಮ್ಮ ಬೆಲೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಅದನ್ನು ನಾನು ನುಂಗಿಕೊಳ್ಳಬಲ್ಲೆ. ಕಳ್ಳ ಮಾಲಿನ ಪೆಟ್ಟು ನುಂಗಲಾರೆ. ಇವೆರಡನ್ನೂ ಒಂದೇ ಸಾಲಲ್ಲಿ ಬರೆದದ್ದು ನನ್ನ ತಪ್ಪು.

ನಿನ್ನೆ ರಾತ್ರಿ ಮನವಿಯ ಮೊದಲ ಸಾಲು ಹೊಡೆದು ಹಾಕಿದೆ. ಈಗ ಮೂರು ಕೇಳಿಕೆ ಬರೆದಿದ್ದೇನೆ. ಶ್ರೀಲಂಕಾದಿಂದ ಬರುವ ಮೆಣಸಿನ ಮೂಲ ಪ್ರಮಾಣಪತ್ರಗಳಲ್ಲಿ ಇಂತಿಷ್ಟನ್ನು ಪ್ರತಿ ತಿಂಗಳು ಅಲ್ಲಿಗೇ ಕಳಿಸಿ ತಪಾಸಣೆ ಮಾಡಿಸಬೇಕು. ತಪಾಸಣೆಯಲ್ಲಿ ಏನು ಕಂಡಿತು ಎಂದು ಬೆಳೆಗಾರರಿಗೆ ತಿಳಿಸಬೇಕು. ರಫ್ತಿಗೆಂದು ತಂದ ಮೆಣಸು ನಿಜವಾಗಿ ರಫ್ತಾಯಿತಾ ಎಂಬ ಲೆಕ್ಕ ಹೊರಗಿಡಬೇಕು. ಸಭೆಯಲ್ಲಿ ಇದನ್ನು ಓದಿದರೆ ಕೆಲವರು ಮೂಗು ಮುರಿಯುತ್ತಾರೆ, ಗೊತ್ತು. 'ರದ್ದು ಮಾಡಿ' ಎಂಬ ಮಾತಿಗೆ ಚಪ್ಪಾಳೆ ಜಾಸ್ತಿ. ನಮ್ಮ ಪಕ್ಕದ ತೋಟದ ಮಾವ ಆಗಲೇ ಫೋನ್ ಮಾಡಿ, 'ಏನೋ, ಲಂಕಾದವರ ವಕೀಲನಾದ್ಯಾ?' ಎಂದರು. ಅವರ ಬೇಲಿಗೂ ನಮ್ಮ ಬೇಲಿಗೂ ಮೂವತ್ತು ವರ್ಷದ ತಕರಾರಿದೆ. ಆದರೆ ಕೆರೆಯ ಪೈಪು ಒಂದೇ, ಮೋಟಾರ್ ಸುಟ್ಟರೆ ಇಬ್ಬರೂ ಸೇರಿಯೇ ಕಟ್ಟಿಸುತ್ತೇವೆ.

ಅಕ್ಕ, ಒಂದು ಸಹಾಯ. ಈ ಮನವಿಯನ್ನು ಯಾರ ಹೆಸರಿಗೆ ಬರೆಯಬೇಕು? ವಾಣಿಜ್ಯ ಸಚಿವರಿಗಾ, ಸಾಂಬಾರ ಮಂಡಳಿಗಾ, ಕಸ್ಟಮ್ಸ್‌ಗಾ?

ಕಡಲತಡಿಯವಳು:

ಮೂರಕ್ಕೂ ಬರೆಯಿರಿ ಮಾರಾಯ್ರೇ, ಒಂದಕ್ಕೆ ಕಳಿಸಿದರೆ ಇನ್ನೊಬ್ಬರ ಕೆಲಸ ಎನ್ನುತ್ತಾರೆ. ಪ್ರಮಾಣಪತ್ರದ ತಪಾಸಣೆ ಕಸ್ಟಮ್ಸ್‌ನದು, ಅದು ಹಣಕಾಸು ಇಲಾಖೆಯಡಿ ಬರುತ್ತದೆ. ಕನಿಷ್ಠ ಬೆಲೆ, ವಿನಾಯಿತಿ ಎಲ್ಲ ವಾಣಿಜ್ಯ ಇಲಾಖೆಯದು. ಸಾಂಬಾರ ಮಂಡಳಿಯೂ ವಾಣಿಜ್ಯ ಇಲಾಖೆಯಡಿಯೇ, ಇಲ್ಲೇ ಕೊಚ್ಚಿಯಲ್ಲಿದೆ. ಮೆಣಸಿನ ಸರಕು ಸಂಕೇತ 0904 ಎಂದು ಮೇಲೆ ವಿಷಯದ ಸಾಲಿನಲ್ಲೇ ಹಾಕಿ, ಆಗ ಕಾಗದ ಸರಿಯಾದ ಮೇಜಿಗೆ ಹೋಗುತ್ತದೆ. ಮತ್ತೆ ಕಳಿಸುವ ಮೊದಲು ಮಗಳಿಗೆ ಒಮ್ಮೆ ತೋರಿಸಿ.